ಕರಗಿದ ಚಾಕೊಲೇಟಿಗೂ ಹೆಪ್ಪು ಬೇಕು

ಏಪ್ರಿಲ್ ತಿಂಗಳಲ್ಲಿ ಬಸ್ಸು ಹತ್ತಿ ಊರಿಗೆ ಹೊರಡುವಾಗ ಮಕ್ಕಳಿಗೆಂದು ಎರಡು ಚಾಕೊಲೇಟ್ ಕೊಂಡು ಬ್ಯಾಗಿನ ಜೇಬಿಗೆ ಹಾಕಿಕೊಂಡಿರುತ್ತೇವೆ. ಮನೆ ತಲುಪುವ ಹೊತ್ತಿಗೆ ಅದು ಕಾಗದದೊಳಗೇ ಗಂಜಿಯಾಗಿರುತ್ತದೆ. ಫ್ರಿಜ್ಜಿಗೆ ಹಾಕಿದರೆ ಸರಿಹೋಗುತ್ತದೆ ಎಂದುಕೊಂಡು ಹಾಕುತ್ತೇವೆ. ಗಟ್ಟಿಯೇನೋ ಆಗುತ್ತದೆ. ಆದರೆ ಕೆಲವು ದಿನ ಕಳೆದು ಬಿಚ್ಚಿ ನೋಡಿದರೆ ಮೈಮೇಲೆಲ್ಲ ವಿಭೂತಿ ಬಳಿದಂತೆ ಬಿಳಿ ಪಟ್ಟೆಗಳು. ಮುರಿದರೆ ‘ಟಪ್’ ಎನ್ನುವುದಿಲ್ಲ, ಹಳೇ ಗೋಡೆಯ ಗಾರೆಯಂತೆ ಉದುರುತ್ತದೆ. ಬಾಯಿಗಿಟ್ಟರೆ ಮೊದಲಿನ ನುಣುಪಿಲ್ಲ. ಬೂಷ್ಟು ಬಂದಿದೆ ಎಂದು ಎಷ್ಟೋ ಮನೆಗಳಲ್ಲಿ ಅದನ್ನು ಎಸೆದೂ ಬಿಡುತ್ತಾರೆ.

ಬೂಷ್ಟು ಅಲ್ಲ ಅದು. ಆ ಚಾಕೊಲೇಟಿಗೆ ಏನೂ ಸೇರಿಲ್ಲ, ಅದರಿಂದ ಏನೂ ಹೋಗಿಲ್ಲ. ತಕ್ಕಡಿಯಲ್ಲಿಟ್ಟರೆ ಅದೇ ತೂಕ. ಅದೇ ಕೋಕೋ, ಅದೇ ಸಕ್ಕರೆ. ಹಾಗಿದ್ದರೂ ತಿನ್ನುವವರಿಗೆ ಅದು ಬೇರೆಯದೇ ಪದಾರ್ಥ. ಕರಗಿ ಮತ್ತೆ ಗಟ್ಟಿಯಾಗುವಷ್ಟರಲ್ಲಿ ಒಳಗೆ ಏನು ಬದಲಾಯಿತು?

ಮನೆಯಲ್ಲಿ ಚಾಕೊಲೇಟ್ ಕರಗಿಸಿ ಸ್ಟ್ರಾಬೆರಿಯನ್ನೋ ಗೋಡಂಬಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಅದ್ದಿ ತೆಗೆಯಬೇಕೆಂದವರು ಮೊದಲು ಎದುರಿಸುವ ಪ್ರಶ್ನೆಯೂ ಇದೇ. ಕರಗಿಸುವುದು ಸುಲಭ. ಮತ್ತೆ ಹೊಳಪಿನ ಚಾಕೊಲೇಟಾಗಿಸುವುದರಲ್ಲಿಯೇ ಎಲ್ಲ ಗುಟ್ಟೂ ಇದೆ.

ಅಡಿಕೆಯ ನೆರಳಿನ ಕಾಯಿ

ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಓಡಾಡಿದವರಿಗೆ ಕೋಕೋ ಗಿಡ ಹೊಸತಲ್ಲ. ಕಾಂಡಕ್ಕೇ ಅಂಟಿಕೊಂಡು ಜೋತಾಡುವ ಹಳದಿ ಕಾಯಿಗಳು. ಒಡೆದರೆ ಒಳಗೆ ಸಿಹಿ ಲೋಳೆ ಹೊದ್ದ ಬೀಜಗಳು. ಆ ಲೋಳೆಗಾಗಿ ಅಳಿಲು ಮಂಗಗಳ ಕಾಟ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಕೋಕೋ ಆಮೇಲೆ ಸೇರಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ತಮ್ಮ ತೋಟದ ಬೀಜದ ಚಾಕೊಲೇಟನ್ನು ತಮ್ಮದೇ ಸಂಸ್ಥೆಯಿಂದ ಕೊಂಡು ತಿನ್ನುವ ರೈತರು ಲೋಕದಲ್ಲಿ ಹೆಚ್ಚಿಲ್ಲ. ಆ ಭಾಗ್ಯ ನಮ್ಮ ಕರಾವಳಿಯವರಿಗಿದೆ.

ಬೀಜವನ್ನು ಹುಳಿಬರಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆದರೆ ಪುಡಿ ಬರುವುದಿಲ್ಲ, ರುಬ್ಬಿದ ಎಳ್ಳಿನಂಥ ಮುದ್ದೆ ಬರುತ್ತದೆ. ಬೀಜದ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬು. ಅದಕ್ಕೆ ಕೋಕೋ ಬೆಣ್ಣೆ ಎಂದು ಹೆಸರು. ಹಾಲಿಗೂ ಈ ಬೆಣ್ಣೆಗೂ ಸಂಬಂಧವಿಲ್ಲ.

ಆ ಮುದ್ದೆಗೆ ಸಕ್ಕರೆ ಸೇರಿಸಿ ಇನ್ನಷ್ಟು ನುಣ್ಣಗೆ ಅರೆದರೆ ಚಾಕೊಲೇಟ್. ಎಷ್ಟು ನುಣ್ಣಗೆ? ಒಂದು ಮಿಲಿಮೀಟರನ್ನು ಐವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಅದಕ್ಕಿಂತ ತುಸು ದಪ್ಪವಾದರೂ ನಾಲಿಗೆ ‘ಮರಳು’ ಎಂದು ದೂರುತ್ತದೆ. 1879ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೊಡಾಲ್ಫ್ ಲಿಂಡ್ಟ್ ಎಂಬಾತ ಈ ಮುದ್ದೆಯನ್ನು ಗಂಟೆಗಟ್ಟಲೆ ಬೆಚ್ಚಗಿಟ್ಟು ನಾದುವ ಯಂತ್ರ ಮಾಡಿದ ಮೇಲೆ ಇಂದಿನ ನುಣುಪು ಬಂತು.

ಈಗ ಮುಖ್ಯ ಮಾತು. ಕರಗಿದ ಚಾಕೊಲೇಟ್ ಪಾಯಸದಂತೆ ಹರಿಯುತ್ತದೆ ಎಂದು ನಾವು ಅದನ್ನು ದ್ರವ ಎಂದುಕೊಳ್ಳುತ್ತೇವೆ. ನಿಜಕ್ಕೂ ಅದು ಒಣ ಪುಡಿ. ಸಕ್ಕರೆಯ ಪುಡಿ, ಕೋಕೋ ಪುಡಿ, ಕೆಲವದರಲ್ಲಿ ಹಾಲಿನ ಪುಡಿ. ಈ ಪುಡಿಯ ಪ್ರತಿ ಕಣವೂ ಕೊಬ್ಬಿನಲ್ಲಿ ಮುಳುಗಿ, ಒಂದರ ಮೇಲೊಂದು ಜಾರುತ್ತಿರುತ್ತದೆ. ಇಡೀ ಚಾಕೊಲೇಟಿನಲ್ಲಿ ನೀರಿನ ಪ್ರಮಾಣ ನೂರಕ್ಕೆ ಒಂದು ಪಾಲೂ ಇರುವುದಿಲ್ಲ.

ಒಂದು ಹನಿ ಮಾಡುವ ಅನಾಹುತ

ಇಷ್ಟು ತಿಳಿದರೆ ಅಡುಗೆಮನೆಯ ಒಂದು ಹಳೇ ದುಃಖಕ್ಕೆ ಉತ್ತರ ಸಿಗುತ್ತದೆ. ಬಟ್ಟಲಿನಲ್ಲಿ ಚಾಕೊಲೇಟ್ ಚೆನ್ನಾಗಿ ಕರಗಿ ಹೊಳೆಯುತ್ತಿರುತ್ತದೆ. ತೊಳೆದು ಸರಿಯಾಗಿ ಒರೆಸದ ಚಮಚ ಹಾಕಿ ಒಂದು ಸುತ್ತು ತಿರುಗಿಸಿದ್ದೇ ತಡ, ಎಲ್ಲವೂ ಬಿಗಿದು ಜೇಡಿಮಣ್ಣಿನಂತಾಗುತ್ತದೆ. ನೀರು ಹಾಕಿದರೆ ಯಾವುದಾದರೂ ತೆಳ್ಳಗಾಗಬೇಕಲ್ಲವೆ? ಇದು ಗಟ್ಟಿಯಾಯಿತೇಕೆ?

ಮಳೆಗಾಲದಲ್ಲಿ ಸಕ್ಕರೆ ಡಬ್ಬಕ್ಕೆ ಒದ್ದೆ ಚಮಚ ಹಾಕಿ ಬೈಸಿಕೊಳ್ಳದವರು ಯಾರು? ಮರುದಿನ ಡಬ್ಬದಲ್ಲಿ ಗಂಟುಗಳು. ಸಕ್ಕರೆಗೆ ನೀರಿನ ಮೇಲೆ ತೀರದ ಆಸೆ. ಹನಿ ನೀರು ಸಿಕ್ಕರೂ ಕಣಗಳ ಮೈ ಕರಗಿ ಅಂಟಂಟಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಚಾಕೊಲೇಟಿನ ಒಳಗೂ ಇದೇ ನಡೆಯುತ್ತದೆ. ಕೊಬ್ಬಿನಲ್ಲಿ ಜಾರುತ್ತಿದ್ದ ಸಕ್ಕರೆ ಕಣಗಳು ಹನಿಯ ಸುತ್ತ ಕೂಡಿ ಕೊಂಡಿ ಹಾಕಿಕೊಳ್ಳುತ್ತವೆ. ಜಾರಾಟ ನಿಂತಿತು, ಹರಿಯುವುದೂ ನಿಂತಿತು.

ಹಾಗಾದರೆ ಕೆಟ್ಟ ಚಾಕೊಲೇಟನ್ನು ಎಸೆಯಬೇಕೆ? ಬೇಡ. ರಾಗಿ ಹಿಟ್ಟಿಗೆ ಸ್ವಲ್ಪ ನೀರು ಚಿಮುಕಿಸಿದರೆ ಗಂಟು, ಧಾರಾಳವಾಗಿ ಹಾಕಿ ಕಲಸಿದರೆ ಅಂಬಲಿ. ಇಲ್ಲೂ ಹಾಗೆಯೇ. ನೂರು ಗ್ರಾಂ ಚಾಕೊಲೇಟಿಗೆ ಎರಡು-ಮೂರು ದೊಡ್ಡ ಚಮಚ ಬಿಸಿ ನೀರು ಅಥವಾ ಬಿಸಿ ಹಾಲು ಹಾಕಿ ಬಿಡದೆ ಕಲಸಿದರೆ ಸಕ್ಕರೆ ಪೂರ್ತಿ ಕರಗಿ ಮುದ್ದೆ ಮತ್ತೆ ಹರಿಯತೊಡಗುತ್ತದೆ. ಆದರೆ ಅದು ಇನ್ನು ಸಾಸು. ಐಸ್‌ಕ್ರೀಮಿನ ಮೇಲೆ ಸುರಿಯಬಹುದು, ಹಣ್ಣನ್ನು ಆಗಲೇ ಅದ್ದಿ ಆಗಲೇ ತಿನ್ನಬಹುದು. ಟಪ್ಪೆಂದು ಮುರಿಯುವ ಕವಚ ಅದರಿಂದ ಎಂದಿಗೂ ಬರುವುದಿಲ್ಲ.

ಹಾಲಿನ ಚಾಕೊಲೇಟ್ ಹುಟ್ಟಲು ತಡವಾದದ್ದೂ ಇದೇ ನೀರಿನಿಂದ. ಹಾಲೆಂದರೆ ಬಹುಪಾಲು ನೀರೇ ತಾನೆ. ಸ್ವಿಟ್ಜರ್ಲೆಂಡಿನ ವೆವೆ ಎಂಬ ಊರಿನ ಡೇನಿಯಲ್ ಪೀಟರ್ ವರ್ಷಗಟ್ಟಲೆ ಒದ್ದಾಡಿ, ನೀರನ್ನು ಇಂಗಿಸಿದ ಗಟ್ಟಿ ಹಾಲನ್ನು ಬಳಸಿ 1875ರಲ್ಲಿ ಗೆದ್ದ.

ತೆಳ್ಳಗಾಗಲಿ ಎಂದು ಬೆಣ್ಣೆ ಹಾಕುವವರು ಒಂದು ಮಾತು ನೆನಪಿಡಬೇಕು: ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಹದಿನಾರು ಪಾಲಿನವರೆಗೂ ನೀರಿರುತ್ತದೆ. ತುಪ್ಪದಲ್ಲಿ ಆ ಭಯವಿಲ್ಲ.

ಶಾಮಿಯಾನದವರ ಕುರ್ಚಿಗಳು

ನೀರನ್ನು ದೂರವಿಟ್ಟೆವು ಎನ್ನೋಣ. ಬಸ್ಸಿನಲ್ಲಿ ಕರಗಿದ ಚಾಕೊಲೇಟಿಗೆ ನೀರು ತಾಗಿಯೇ ಇರಲಿಲ್ಲ. ಅದರ ಕಥೆ ಕೊಬ್ಬಿನದು.

ಮದುವೆ ಮುಗಿದ ಮೇಲೆ ಶಾಮಿಯಾನದವರು ಪ್ಲಾಸ್ಟಿಕ್ ಕುರ್ಚಿಗಳನ್ನು ಲಾರಿಗೆ ತುಂಬುವುದನ್ನು ನೋಡಿ. ಸಮಯವಿದ್ದರೆ ಒಂದರೊಳಗೊಂದು ಕೂರಿಸಿ ಪೇರಿಸುತ್ತಾರೆ. ನೂರು ಕುರ್ಚಿ ಸಣ್ಣ ಜಾಗದಲ್ಲಿ ಹಿಡಿಯುತ್ತದೆ, ಲಾರಿ ಕುಲುಕಿದರೂ ಕದಲುವುದಿಲ್ಲ. ಮಳೆ ಬಂದು ಅವಸರವಾದರೆ ಸಿಕ್ಕ ಹಾಗೆ ಎಸೆಯುತ್ತಾರೆ. ಅವೇ ನೂರು ಕುರ್ಚಿ ಈಗ ಇಡೀ ಲಾರಿಯನ್ನು ನುಂಗುತ್ತವೆ. ಒಂದನ್ನು ಎಳೆದರೆ ಹತ್ತು ಉರುಳುತ್ತವೆ.

ಕೋಕೋ ಬೆಣ್ಣೆಯ ಅಣುವೂ ನೋಡಲು ಕುರ್ಚಿಯ ಹಾಗೆಯೇ ಇದೆ. ಒಂದು ಬೆನ್ನೆಲುಬಿಗೆ ಮೂರು ಉದ್ದನೆಯ ಬಾಲಗಳು. ಗಟ್ಟಿಯಾಗಿರುವಾಗ ಒಂದು ಬಾಲ ಒಂದು ಕಡೆಗೆ, ಎರಡು ಇನ್ನೊಂದು ಕಡೆಗೆ ಚಾಚಿಕೊಂಡು ಬೆನ್ನೊರಗು ಮತ್ತು ಕಾಲುಗಳಂತೆ ನಿಲ್ಲುತ್ತವೆ. ಬಿಸಿಯಾದಾಗ ಅಣುಗಳು ಬಿಡಿಬಿಡಿಯಾಗಿ ಅಲೆದಾಡುತ್ತವೆ, ಅದೇ ಕರಗುವುದು. ತಣ್ಣಗಾದಾಗ ಸಾಲುಗೂಡುತ್ತವೆ, ಅದೇ ಗಟ್ಟಿಯಾಗುವುದು. ಹೀಗೆ ಸಾಲುಗೂಡುವ ರೀತಿಯನ್ನು ನಾವು ಪೇರಿಕೆ ಎಂದು ಕರೆಯೋಣ. ವಿಜ್ಞಾನಿಗಳು ಹೇಳುವ ಕ್ರಿಸ್ಟಲ್ ರೂಪ ಇದೇ.

ತುಪ್ಪ, ಕೊಬ್ಬರಿ ಎಣ್ಣೆಗಳೂ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಅವು ಹೇಗೆ ಹೆಪ್ಪುಗಟ್ಟಿದರೂ ನಮಗೆ ಚಿಂತೆಯಿಲ್ಲ. ಕೋಕೋ ಬೆಣ್ಣೆಯ ವಿಷಯ ಹಾಗಲ್ಲ. 1966ರಲ್ಲಿ ವಿಲ್ ಮತ್ತು ಲಟ್ಟನ್ ಎಂಬ ಇಬ್ಬರು ವಿಜ್ಞಾನಿಗಳು ಅದಕ್ಕೆ ಆರು ಬಗೆಯ ಪೇರಿಕೆಗಳಿವೆ ಎಂದು ತೋರಿಸಿದರು. ಒಂದೊಂದೂ ಒಂದೊಂದು ಬಿಸಿಯಲ್ಲಿ ಕರಗುತ್ತದೆ. ಮೊದಲನೆಯದು 17 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವಷ್ಟು ಸಡಿಲ. ಎರಡು, ಮೂರು ಕ್ರಮವಾಗಿ ಅದಕ್ಕಿಂತ ಬಿಗಿ. ನಾಲ್ಕನೆಯದು ಸುಮಾರು 27ಕ್ಕೆ ಕರಗುತ್ತದೆ. ಐದನೆಯದು ಸುಮಾರು 34ಕ್ಕೆ. ಆರನೆಯದು 36 ದಾಟಿದ ಮೇಲೆ.

ನಮಗೆ ಬೇಕಾದದ್ದು ಐದನೆಯದು. ಅದು ಒತ್ತೊತ್ತಾಗಿ ಪೇರಿಸಿದ್ದರಿಂದ ಚಾಕೊಲೇಟಿನ ಮೈ ನಯವಾಗಿ ಹೊಳೆಯುತ್ತದೆ, ಮುರಿದಾಗ ಸದ್ದು ಮಾಡುತ್ತದೆ, ಕೈಯಲ್ಲಿ ಹಿಡಿದ ಕೂಡಲೇ ಸೋರುವುದಿಲ್ಲ. ನಮ್ಮ ಬಾಯಿಯ ಬಿಸಿ ಸುಮಾರು 37 ಡಿಗ್ರಿ. ಹಾಗಾಗಿ ನಾಲಿಗೆಯ ಮೇಲೆ ಮಾತ್ರ ಪೂರ್ತಿ ಸಡಿಲಗೊಂಡು ಕರಗುತ್ತದೆ. ಕರಗಲು ಬೇಕಾದ ಬಿಸಿಯನ್ನು ಅದು ನಾಲಿಗೆಯಿಂದಲೇ ಎಳೆದುಕೊಳ್ಳುವುದರಿಂದ ಒಂದು ತಂಪು ತಾಗಿದಂತಾಗುತ್ತದೆ. ಒಳ್ಳೆಯ ಚಾಕೊಲೇಟ್ ತಿನ್ನುವಾಗಿನ ಸುಖದ ದೊಡ್ಡ ಪಾಲು ಈ ಮೂರು ಡಿಗ್ರಿ ಅಂತರದಲ್ಲಿದೆ ಎಂದು ನನ್ನ ನಂಬಿಕೆ.

ತೊಂದರೆ ಏನೆಂದರೆ ಒಳ್ಳೆಯ ಪೇರಿಕೆಗೆ ಸಮಯ ಬೇಕು. ಸಡಿಲ ಪೇರಿಕೆಗಳು ಕ್ಷಣದಲ್ಲಿ ಆಗಿಬಿಡುತ್ತವೆ. ಬಸ್ಸಿನಲ್ಲಿ ಕರಗಿದ ಚಾಕೊಲೇಟನ್ನು ನಾವು ಫ್ರಿಜ್ಜಿಗೆ ನೂಕಿದಾಗ ಮಾಡಿದ್ದು ಮಳೆಗೆ ಹೆದರಿ ಕುರ್ಚಿ ಎಸೆದ ಕೆಲಸ. ಆ ಚೆಲ್ಲಾಪಿಲ್ಲಿ ಪೇರಿಕೆ ಸುಮ್ಮನೂ ಇರುವುದಿಲ್ಲ. ದಿನ ಕಳೆದಂತೆ ಅಣುಗಳು ನಿಧಾನವಾಗಿ ಮಗ್ಗಲು ಬದಲಿಸಿ ಬಿಗಿ ಪೇರಿಕೆಯ ಕಡೆಗೆ ಸರಿಯುತ್ತವೆ, ಒಂದಷ್ಟು ಕೊಬ್ಬು ಮೇಲಕ್ಕೆ ಬಂದು ಮೈಮೇಲೆ ಒರಟು ಹರಳಾಗಿ ಕೂರುತ್ತದೆ. ಕಲ್ಲುಸಕ್ಕರೆಯನ್ನು ಬೆಳಕಿಗೆ ಹಿಡಿದರೆ ಪಾರದರ್ಶಕ, ಅದನ್ನೇ ಕುಟ್ಟಿದರೆ ಅಚ್ಚ ಬಿಳಿ. ಸಣ್ಣ ಹರಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಹಾಗೆ. ಚಾಕೊಲೇಟಿನ ಮೇಲಿನ ವಿಭೂತಿಯೂ ಅದೇ. ತಿಂದರೆ ಏನೂ ಆಗುವುದಿಲ್ಲ.

ಇನ್ನೊಂದು ಬಗೆಯ ಬಿಳಿಪೂ ಉಂಟು. ಫ್ರಿಜ್ಜಿನಿಂದ ತೆಗೆದ ಚಾಕೊಲೇಟಿನ ಮೇಲೆ, ಅದರಲ್ಲೂ ಕರಾವಳಿಯ ಸೆಕೆಯಲ್ಲಿ, ಗಾಳಿಯ ಪಸೆ ಹನಿಗಟ್ಟುತ್ತದೆ. ಹನಿ ಸಕ್ಕರೆಯನ್ನು ಕರಗಿಸುತ್ತದೆ, ಆರಿದ ಮೇಲೆ ಸಕ್ಕರೆ ಉಳಿಯುತ್ತದೆ. ಯಾವ ಬಿಳಿಪು ಎಂದು ತಿಳಿಯಲು ಬೆರಳಿನಿಂದ ಉಜ್ಜಿ ನೋಡಿ. ಕರಗಿ ಮಾಯವಾದರೆ ಕೊಬ್ಬು. ದೊರಗಾಗಿ ಹಾಗೇ ಉಳಿದರೆ ಸಕ್ಕರೆ.

ಹೆಪ್ಪು ಹಾಕುವುದು

ಐದನೇ ಪೇರಿಕೆಯೇ ಆಗುವಂತೆ ಅಣುಗಳನ್ನು ಒಲಿಸುವುದಕ್ಕೆ ಚಾಕೊಲೇಟ್ ಕಸುಬಿನವರು ಟೆಂಪರಿಂಗ್ ಎನ್ನುತ್ತಾರೆ. ನಾವು ಹದಗೊಳಿಸುವುದು ಎನ್ನಬಹುದು. ಹದ ಎಂಬ ಮಾತಿನ ಅರ್ಥ ಪಾಕ ಮಾಡಿದ ಕೈಗಳಿಗೆ ಹೇಳಿಕೊಡಬೇಕಿಲ್ಲ.

ಮೇಲಿನ ಅಂಕಿಗಳನ್ನು ಮತ್ತೊಮ್ಮೆ ನೋಡಿ. ನಾಲ್ಕನೆಯದು 27ಕ್ಕೆ ಕರಗುತ್ತದೆ, ಐದನೆಯದು 34ಕ್ಕೆ. ನಡುವೆ ಒಂದು ಕಿಟಕಿ ತೆರೆದಿದೆ. ಕರಗಿದ ಚಾಕೊಲೇಟನ್ನು 31-32 ಡಿಗ್ರಿಯಲ್ಲಿ ನಿಲ್ಲಿಸಿದರೆ ಕೆಳಗಿನ ನಾಲ್ಕೂ ಪೇರಿಕೆಗಳಿಗೆ ಅಲ್ಲಿ ಉಳಿಗಾಲವಿಲ್ಲ. ಐದನೆಯದಕ್ಕೆ ನೆಲೆಯುಂಟು. ಆದರೆ ಅಲ್ಲಿ ಅದು ತಾನಾಗಿ ಹುಟ್ಟಬೇಕೆಂದು ಕಾಯುತ್ತ ಕೂತರೆ ದಿನ ಮುಗಿದೀತು. ಯಾರಾದರೂ ಮೊದಲ ಕೆಲವು ಕುರ್ಚಿಗಳನ್ನು ಸರಿಯಾಗಿ ಪೇರಿಸಿ ತೋರಿಸಬೇಕು. ಉಳಿದವು ಅದರ ಮೇಲೆ ತಾವೇ ಕೂರುತ್ತವೆ.

ಹಾಲು ಮೊಸರಾಗಬೇಕಾದರೆ ನಿನ್ನೆಯ ಮೊಸರಿನ ಒಂದು ಚಮಚ ಬೇಕು. ಇಲ್ಲಿಯೂ ಅದೇ ಉಪಾಯ. ಅಂಗಡಿಯಿಂದ ತಂದ ಹೊಳಪಿನ ಚಾಕೊಲೇಟ್ ಕಾರ್ಖಾನೆಯಲ್ಲಿ ಹದಗೊಂಡೇ ಬಂದಿರುತ್ತದೆ, ಅಂದರೆ ಪೂರ್ತಿ ಐದನೇ ಪೇರಿಕೆಯಲ್ಲಿರುತ್ತದೆ. ಅದರ ಚೂರುಗಳೇ ಹೆಪ್ಪು. ಒಂದು ವ್ಯತ್ಯಾಸ ಹೇಳಲೇಬೇಕು: ಮೊಸರಿನ ಹೆಪ್ಪಿನಲ್ಲಿ ಜೀವಾಣುಗಳಿವೆ, ಅವು ಬೆಳೆಯುತ್ತವೆ, ಚಾಕೊಲೇಟಿನ ಹೆಪ್ಪು ನಿರ್ಜೀವ ಅಚ್ಚು, ಅದರ ಆಕಾರವನ್ನು ಪಕ್ಕದ ಅಣುಗಳು ಅನುಸರಿಸುತ್ತವೆ.

ಕೆಲಸ ಹೀಗೆ. ಕೋಕೋ ಬೆಣ್ಣೆ ಇರುವ ಕಪ್ಪು ಚಾಕೊಲೇಟ್ 300 ಗ್ರಾಂ ತೆಗೆದುಕೊಂಡು ಸಣ್ಣಗೆ ಕೊಚ್ಚಿ. ನೂರು ಗ್ರಾಂ ಹೆಪ್ಪಿಗೆಂದು ಬದಿಗಿಡಿ. ಸಣ್ಣ ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ ಒಲೆ ಆರಿಸಿ. ಅದರ ಬಾಯಿಗಿಂತ ಅಗಲವಾದ ಒಣ ಬಟ್ಟಲನ್ನು ಮೇಲೆ ಕೂರಿಸಿ. ತಳಕ್ಕೆ ನೀರು ತಾಗಬಾರದು, ಬದಿಯಿಂದ ಆವಿ ಏರಿ ಬರಬಾರದು. ಉಳಿದ ಇನ್ನೂರು ಗ್ರಾಂ ಅದರಲ್ಲಿ ಕರಗಲಿ. ನೇರ ಉರಿಯ ಮೇಲೆ ಬಾಣಲೆಯಲ್ಲಿಟ್ಟರೆ ತಳದ ಸಕ್ಕರೆ, ಕೋಕೋ ಸೀದು ಕಹಿಯಾಗುತ್ತದೆ. ಮೈಕ್ರೋವೇವ್ ಇದ್ದವರು ಅರ್ಧ ಶಕ್ತಿಯಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ತೆಗೆದು ಕಲಕುತ್ತ ಕರಗಿಸಬಹುದು.

ಚಾಕೊಲೇಟ್ 45 ಡಿಗ್ರಿಯಷ್ಟು ಬಿಸಿಯಾದರೆ ಹಳೆಯ ಪೇರಿಕೆಯ ಗುರುತೆಲ್ಲ ಅಳಿಸಿಹೋಗುತ್ತದೆ. ಹಾಲಿನ ಚಾಕೊಲೇಟಾದರೆ ಅಲ್ಲಿಂದ ಮೇಲೆ ಹೋಗಲೇಬಾರದು. ಬಟ್ಟಲನ್ನು ಇಳಿಸಿ ತಳದ ಪಸೆ ಒರೆಸಿ. ಬದಿಗಿಟ್ಟ ಚೂರುಗಳನ್ನು ಹಿಡಿಹಿಡಿಯಾಗಿ ಹಾಕುತ್ತ ಕಲಕುತ್ತಿರಿ. ಮೊದಲು ಹಾಕಿದ್ದು ಕರಗಿ ಬಿಸಿ ಇಳಿಸುತ್ತದೆ. ಆಮೇಲೆ ಹಾಕಿದ್ದು ಕರಗಲು ಹಿಂಜರಿಯತೊಡಗಿದರೆ ಕಿಟಕಿಗೆ ಬಂದಿದ್ದೇವೆ ಎಂದರ್ಥ. ಕಪ್ಪು ಚಾಕೊಲೇಟಿಗೆ 31-32. ಹಾಲಿನದಕ್ಕೆ 29-30 ಸಾಕು, ಹಾಲಿನ ಕೊಬ್ಬು ಪೇರಿಕೆಯನ್ನು ಸ್ವಲ್ಪ ಸಡಿಲಿಸುವುದರಿಂದ.

ಥರ್ಮಾಮೀಟರ್ ಇಲ್ಲದವರಿಗೆ ತುಟಿಯೇ ಅಳತೆಗೋಲು. ಒಂದು ಹನಿಯನ್ನು ಕೆಳತುಟಿಯ ಕೆಳಗೆ ಮುಟ್ಟಿಸಿ. ಬೆಚ್ಚಗೂ ಅಲ್ಲ, ತುಸು ತಂಪು ಎನ್ನಿಸಿದರೆ ಹದ ಬಂದಿದೆ. ಕಸುಬಿನವರೂ ಈ ಪರೀಕ್ಷೆ ಮಾಡುತ್ತಾರೆ. ನಂಬಿಕೆ ಸಾಲದಿದ್ದರೆ ಚಾಕುವಿನ ತುದಿಯನ್ನು ಅದ್ದಿ ಐದು ನಿಮಿಷ ಕಾಯಿರಿ. ಹೊಳಪಿನಿಂದ ಗಟ್ಟಿಯಾದರೆ ಸರಿ. ಮಂಕಾಗಿ ಅಂಟುತ್ತಿದ್ದರೆ ಇನ್ನಷ್ಟು ಹೆಪ್ಪು ಹಾಕಿ ಕಲಕಬೇಕು.

ಅದ್ದುವ ಹೊತ್ತು

ಹಣ್ಣನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಆರಿಸಿ, ಮೈ ಪೂರ್ತಿ ಒಣಗಿದ ಮೇಲೆಯೇ ಅದ್ದಿ. ಸ್ಟ್ರಾಬೆರಿಗೆ ತೊಟ್ಟಿರಲಿ, ಅದೇ ಹಿಡಿಕೆ. ಫ್ರಿಜ್ಜಿನ ಹಣ್ಣನ್ನು ತೆಗೆದ ಕೂಡಲೇ ಅದ್ದಿದರೆ ಮೈಮೇಲೆ ಹನಿ ಕಟ್ಟಿರುತ್ತದೆ. ಕತ್ತರಿಸಿದ ಬಾಳೆ, ಅನಾನಸು ತಮ್ಮ ರಸವನ್ನು ಬಿಡುತ್ತಲೇ ಇರುತ್ತವೆ; ಅವನ್ನು ಅದ್ದಿದ ದಿನವೇ ತಿಂದು ಮುಗಿಸಬೇಕು. ಒಣ ಅಂಜೂರ, ಖರ್ಜೂರ, ಗೋಡಂಬಿ, ಸಕ್ಕರೆ ಹಾಕಿ ಒಣಗಿಸಿದ ಶುಂಠಿ ಇವಕ್ಕೆ ಯಾವ ತಕರಾರೂ ಇಲ್ಲ. ಕಪ್ಪು ಚಾಕೊಲೇಟಿಗೂ ಶುಂಠಿಗೂ ಆಗುವ ಜೋಡಿಯನ್ನು ಒಮ್ಮೆಯಾದರೂ ನೋಡಬೇಕು.

ಸಿಹಿತಿಂಡಿಗಳಲ್ಲಿ ಕೊಬ್ಬರಿ ಮಿಠಾಯಿ, ಗಟ್ಟಿ ಮೈಸೂರು ಪಾಕು ಒಪ್ಪುತ್ತವೆ. ತುಪ್ಪ ತೊಟ್ಟಿಕ್ಕುವ ಮೃದು ಮೈಸೂರು ಪಾಕಿಗೆ ಕವಚ ನಿಲ್ಲುವುದಿಲ್ಲ. ಒಳಗಿನ ತುಪ್ಪ ಮೆಲ್ಲನೆ ಚಾಕೊಲೇಟಿಗೆ ಇಳಿದು ಪೇರಿಕೆಯನ್ನು ಕೆಡಿಸುತ್ತದೆ. ಕೆಲವೇ ದಿನಗಳಲ್ಲಿ ಮೆತ್ತಗಾಗಿ ಬಿಳಿಚುತ್ತದೆ.

ಡಿಸೆಂಬರಿನ ಬೆಂಗಳೂರಾದರೆ ಅದ್ದಿದ್ದನ್ನು ಬೆಣ್ಣೆ ಕಾಗದದ ಮೇಲಿಟ್ಟರೆ ಸಾಕು. ಏಪ್ರಿಲಿನ ರಾಯಚೂರಿನಲ್ಲಿ, ಗಾಳಿಯೇ 40 ಡಿಗ್ರಿ ಇರುವಾಗ, ಐದನೇ ಪೇರಿಕೆಯೂ ನಿಲ್ಲಲಾರದು. ಆಗ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಬಹುದು. ಮೊದಲು ಬೈದ ಫ್ರಿಜ್ಜು ಈಗ ಹೇಗೆ ಸರಿಯಾಯಿತು ಎಂದರೆ, ಈ ಸಲ ಒಳಗೆ ಹೆಪ್ಪಿದೆ. ಗಟ್ಟಿಯಾಗುವಾಗ ಹೊರಬರುವ ಬಿಸಿಯನ್ನು ಫ್ರಿಜ್ಜು ತೆಗೆದುಕೊಂಡು ಹೋಗುತ್ತದೆ, ಅಷ್ಟೆ.

ಹದ ಬೇಡದ ಚಾಕೊಲೇಟ್

ಬೇಕರಿ ಸಾಮಾನಿನ ಅಂಗಡಿಯಲ್ಲಿ ಕಾಂಪೌಂಡ್ ಎಂಬ ಹೆಸರಿನ ಗಟ್ಟಿಗಳು ಸಿಗುತ್ತವೆ. ಕರಗಿಸಿ, ಅದ್ದಿ, ಬಿಟ್ಟರೆ ಆಯಿತು; ತಾನೇ ಗಟ್ಟಿಯಾಗಿ ಹೊಳೆಯುತ್ತದೆ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು, ಹೆಚ್ಚಾಗಿ ತಾಳೆಬೀಜದ ಎಣ್ಣೆಯನ್ನು ಗಟ್ಟಿಮಾಡಿದ್ದು, ಇರುತ್ತದೆ. ಆ ಕೊಬ್ಬು ಆರಿದಾಗ ಹೆಪ್ಪಿನ ನೆರವಿಲ್ಲದೆ ಬೇಕಾದ ಪೇರಿಕೆಗೇ ಬರುತ್ತದೆ. ಮಕ್ಕಳ ಜೊತೆ ಕೂತು ಮಾಡುವವರಿಗೆ, ಬಿಸಿ ಊರಿನವರಿಗೆ ಇದು ಅನುಕೂಲವೇ. ಆದರೆ ನಾಲಿಗೆಯ ಮೇಲೆ ಮೇಣದಂಥ ಪದರ ಉಳಿಯುತ್ತದೆ, ರುಚಿಯಲ್ಲಿ ಅದು ಕೋಕೋ ಬೆಣ್ಣೆಗೆ ಸಮನಲ್ಲ.

ಎರಡನ್ನೂ ಬೆರೆಸಿದರೆ ಒಳ್ಳೆಯದಾಗಬಹುದು ಎಂದು ಅನ್ನಿಸುತ್ತದೆ. ಆಗುವುದಿಲ್ಲ. ಕುರ್ಚಿಗಳ ನಡುವೆ ಸ್ಟೂಲುಗಳನ್ನು ತುರುಕಿದರೆ ಎರಡೂ ನೆಟ್ಟಗೆ ಪೇರುವುದಿಲ್ಲ. ಕೊಬ್ಬರಿ ಎಣ್ಣೆ ಹಾಕಿದಾಗಲೂ ಇದೇ: ಚಾಕೊಲೇಟ್ ತೆಳ್ಳಗಾಗಿ ಅದ್ದಲು ಸುಲಭ, ಆದರೆ ಕವಚ ಕೋಣೆಯ ಬಿಸಿಗೇ ಮೆತ್ತಗಾಗುತ್ತದೆ. ಐಸ್‌ಕ್ರೀಮಿಗೆ, ಐಸಾಗಿಸಿದ ಬಾಳೆಹಣ್ಣಿಗೆ ಮಾತ್ರ ಈ ಮಿಶ್ರಣ ಬಹಳ ಚೆನ್ನ. ಚಳಿಗೆ ತಾಗಿದ ಕೂಡಲೇ ಹೆಪ್ಪುಗಟ್ಟುತ್ತದೆ, ಬಾಯಲ್ಲಿ ಕ್ಷಣದಲ್ಲಿ ಕರಗುತ್ತದೆ. ನೂರು ಗ್ರಾಂಗೆ ಎರಡು ಚಮಚ ಕೊಬ್ಬರಿ ಎಣ್ಣೆ ಸಾಕು.

ಕೋಕೋ ಬೆಣ್ಣೆಯ ಕುರ್ಚಿಗೆ ಹೊಂದುವ ಕುರ್ಚಿಗಳೂ ಇವೆ, ಅದರಲ್ಲೊಂದು ನಮ್ಮ ಮಲೆನಾಡಿನದು. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪವನ್ನು ಬಲ್ಲಿರಲ್ಲ? ಪುನರ್ಪುಳಿಯ ಬೀಜದ ಆ ಕೊಬ್ಬಿನ ಅಣು ಕೋಕೋ ಬೆಣ್ಣೆಯದರ ಸೋದರಸಂಬಂಧಿ. ಚಾಕೊಲೇಟಿನಲ್ಲಿ ನೂರಕ್ಕೆ ಐದು ಪಾಲಿನವರೆಗೆ ಸೇರಿಸಬಹುದಾದ ಆರು ಸಸ್ಯಕೊಬ್ಬುಗಳನ್ನು ಐರೋಪ್ಯ ಒಕ್ಕೂಟ 2000ದ ನಿಯಮದಲ್ಲಿ ಹೆಸರಿಸಿದೆ. ಮುರುಗಲೂ ಮಾವಿನ ಗೊರಟೆಯೂ ಆ ಪಟ್ಟಿಯಲ್ಲಿವೆ.

ಅದ್ದಿ ಮುಗಿದ ಮೇಲೆ ಬಟ್ಟಲಿನಲ್ಲಿ ಉಳಿದದ್ದನ್ನು, ಹದ ತಪ್ಪಿ ಬಿಳಿಚಿದ್ದನ್ನು ಚೆಲ್ಲಬೇಡಿ. ನೀರು ತಾಗಿರದಿದ್ದರೆ, ಸೀಯದಿದ್ದರೆ ಅದನ್ನು ಮತ್ತೆ ಕರಗಿಸಿ ಮತ್ತೆ ಹದಗೊಳಿಸಬಹುದು. ಕೆಟ್ಟದ್ದು ಪೇರಿಕೆ ಮಾತ್ರ. ಆದರೆ ಆ ಹೊತ್ತಿಗೆ ಹೆಪ್ಪು ಬೇಕಾಗುತ್ತದೆ. ಹಾಗಾಗಿ ಈ ಸಲ ಚೆನ್ನಾಗಿ ಹೊಳೆದು ಗಟ್ಟಿಯಾದದ್ದರಲ್ಲಿ ಒಂದು ಹಿಡಿ ಚೂರನ್ನು ಒಣ ಡಬ್ಬದಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ತಂಪಾದ ಜಾಗದಲ್ಲಿ ಎತ್ತಿಡಿ.